ಮುತ್ತಜ್ಜನ ತೊಟ್ಟಿ ಮನೆಯನ್ನು ಮದುವೆ ಮಂಟಪ ಮಾಡಬಹುದೇ?

ಚಿಂತಾಮಣಿ ಬಳಿಯ ನಿಮ್ಮ ಮುತ್ತಜ್ಜನ ತೊಟ್ಟಿ ಮನೆಯನ್ನು ಮದುವೆಗಳಿಗೆ ಬಾಡಿಗೆ ಕೊಡಬೇಕೆಂದಿದ್ದೀರಿ. ಮನೆಯ ನಡುವಿನ ತೆರೆದ ಅಂಗಳವಾದ ತೊಟ್ಟಿಯ ಮೇಲೆ ಶೀಟು ಹೊದಿಸಿ, ಗೋಡೆಗಳಿಗೆ ಸಿಮೆಂಟ್ ಬಳಿಸಲೇ ಎಂದು ಕೇಳಿದ್ದೀರಿ. ಮದುವೆಗೆ ಖಂಡಿತ ಕೊಡಿ. ಬೀಗ ಬಿದ್ದ ಮನೆಗಳು ಗೆದ್ದಲಿನ ಪಾಲಾಗುವುದನ್ನು, ಈ ಜಿಲ್ಲೆಯಲ್ಲಿ ಹಳೆಯ ಮನೆಗಳ ದುರಸ್ತಿ ಮಾಡಿಸುವ ನಾನು ಬಹಳ ಕಂಡಿದ್ದೇನೆ. ಆದರೆ ನೀವು ಹೇಳಿದ ಆ ಎರಡು ಕೆಲಸ ಮಾತ್ರ ದಯವಿಟ್ಟು ಬೇಡ.

ತೊಟ್ಟಿಯೇ ನಿಮ್ಮ ಮಂಟಪ. ಹೋಮದ ಹೊಗೆ ಹೊರಗೆ ಹೋಗುವುದೂ ಪಡಸಾಲೆಗೆ ಗಾಳಿ, ಬೆಳಕು ಬರುವುದೂ ಅಲ್ಲಿಂದಲೇ. ಮಳೆಯ ಚಿಂತೆಯಿದ್ದರೆ ತೊಟ್ಟಿಯ ಮೂಲೆಯಲ್ಲಿ ನೀರು ಹೋಗುವ ಕಿಂಡಿಯನ್ನು ಮೊದಲು ಬಿಡಿಸಿ. ಹೋಮಕುಂಡವನ್ನು ನೇರವಾಗಿ ಕಲ್ಲುಚಪ್ಪಡಿಯ ಮೇಲೆ ಇಡಿಸಬೇಡಿ. ನಮ್ಮ ಕಡೆಯ ಕಲ್ಲು ಎಷ್ಟೇ ಗಟ್ಟಿಯಾದರೂ ಕಾವಿಗೆ ಪದರು ಬಿಡುತ್ತದೆ; ಹಿಂದೆ ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದುದು ಇದರಿಂದಲೇ. ಮರಳು ಹಾಸಿ, ಇಟ್ಟಿಗೆ ಜೋಡಿಸಿ, ಅದರ ಮೇಲೆ ಕುಂಡವಿರಲಿ.

ಇನ್ನು ಸಿಮೆಂಟ್. ಮಣ್ಣು, ಸುಣ್ಣದ ಗೋಡೆ ನೆಲದ ತೇವವನ್ನು ಎಳೆದುಕೊಂಡು ಮೈಯಿಂದಲೇ ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ಆ ತೇವ ಒಳಗೇ ಕೂರುತ್ತದೆ. ಗಿಲಾವು ಉದುರಿದರೆ ಕಣ್ಣಿಗಾದರೂ ಬೀಳುತ್ತದೆ; ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುವುದು ಯಾರಿಗೂ ಕಾಣುವುದಿಲ್ಲ. ನನಗೆ ಭಯವಿರುವುದು ಅದರದೇ. ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಸುಣ್ಣದ ಗಾರೆ ಮಾಡಬಲ್ಲ ಕೆಲಸಗಾರರು ಇನ್ನೂ ಇದ್ದಾರೆ. ಕೂಲಿ ಹೆಚ್ಚು, ಒಣಗಲು ವಾರಗಟ್ಟಲೆ ಕಾಯಬೇಕು. ಮದುವೆಗಳಿಲ್ಲದ ಧನುರ್ಮಾಸ ಇದಕ್ಕೆ ಹೇಳಿ ಮಾಡಿಸಿದ ಕಾಲ.

ತೊಲೆ, ಜಂತೆಗಳನ್ನು ಬಲ್ಲವರಿಂದ ಪರೀಕ್ಷೆ ಮಾಡಿಸುವವರೆಗೆ ಮಹಡಿಗೆ ಜನರನ್ನು ಹತ್ತಿಸಬೇಡಿ. ಬೀಗರ ಕಡೆಯ ಮಕ್ಕಳೆಲ್ಲ ಓಡುವುದು ಮೊದಲು ಅಲ್ಲಿಗೇ. ಒಲೆ, ಸಿಲಿಂಡರ್ ಹಿತ್ತಲಿನಾಚೆ ಇರಲಿ.

ಕಾಗದಪತ್ರದ ವಿಷಯದಲ್ಲಿ, ಭಾಗದಾರರೆಲ್ಲರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ, ಸ್ಥಳೀಯ ಸಂಸ್ಥೆಯಲ್ಲಿ ಪರವಾನಗಿ ವಿಚಾರಿಸಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಿಮ್ಮ ತೊಟ್ಟಿಯೂ ತೆರೆದ ಜಾಗವೇ. ಆರತಕ್ಷತೆಗೆ ಮುಂಗಡ ಕೊಡುವವರಿಗೆ ಇದನ್ನು ಆಗಲೇ ತಿಳಿಸಿ.

ಸಾವಿರ ಎಲೆ ಹಾಕುವ ಮದುವೆಯನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಅಷ್ಟು ಜನರಿಗಾಗಿ ಇಂದು ಒಂದು ಗೋಡೆ, ನಾಳೆ ಎರಡು ಕಂಬ ತೆಗೆಸಬೇಕಾಗುತ್ತದೆ. ಹತ್ತಿರದ ನೆಂಟರಷ್ಟೇ ಸೇರುವ ಮದುವೆ ಸಾಕೆನ್ನುವವರು ನಮ್ಮ ಕಡೆಯೂ ಇದ್ದಾರೆ. ಮನೆಯನ್ನು ಅವರಿಗೆ ಕೊಡಿ.