ಎರಡು ಕಾರ್ಬುರೇಟರ್, ಒಂದು ತುಂಡು ಪೈಪು

ಪ್ರಶ್ನೆ: ನಮ್ಮ ಮಾವನ ಹತ್ತಿರ ಇದ್ದ 1967ರ ಎಂಜಿಬಿ ಸ್ಪೋರ್ಟ್ಸ್ ಕಾರು ಈಗ ನನ್ನ ಕೈಗೆ ಬಂದಿದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಎಸ್‌ಯು ಕಂಪನಿಯ ಕಾರ್ಬುರೇಟರ್ ಎರಡು ಇವೆ. ಸ್ಟಾರ್ಟ್ ಆಗುತ್ತದೆ, ಆದರೆ ನಿಂತಲ್ಲಿ ನಡುಗುತ್ತದೆ, ಪೆರ್ಲದ ಕಡೆ ಏರು ಹತ್ತುವಾಗ ಮುಕ್ಕರಿಯುತ್ತದೆ. ಮುಂದಿನ ಎರಡು ಪ್ಲಗ್ ಮಸಿ ಹಿಡಿದಿವೆ, ಹಿಂದಿನ ಎರಡು ಬೆಳ್ಳಗಿವೆ. ಒಬ್ಬರು ಮೆಕ್ಯಾನಿಕ್ ಸಿಕ್ಕಿದ ಸ್ಕ್ರೂ ಎಲ್ಲ ತಿರುಗಿಸಿ, ಹಳೇ ಗಾಡಿ ಇಷ್ಟೇ ಅಂದರು. ಎಂತ ಮಾಡುವುದು? (ಬದಿಯಡ್ಕದ ಓದುಗರು)

ಉತ್ತರ: ಪ್ಲಗ್ ಬಿಚ್ಚಿ ಬಣ್ಣ ನೋಡಿದ್ದೀರಲ್ಲ, ಅರ್ಧ ಕೆಲಸ ನೀವೇ ಮಾಡಿದ್ದೀರಿ. ಆ ಇಂಜಿನ್‌ನಲ್ಲಿ ಮುಂದಿನ ಕಾರ್ಬುರೇಟರ್ ಮುಖ್ಯವಾಗಿ 1, 2ನೇ ಸಿಲಿಂಡರಿಗೆ, ಹಿಂದಿನದ್ದು 3, 4ಕ್ಕೆ. ಅಂದರೆ ಮುಂದಿನದ್ದು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಹಿಂದಿನದ್ದಕ್ಕೆ ಸಾಲುತ್ತಿಲ್ಲ. ಗಾಡಿ ಹಳೇದಾದ್ದಕ್ಕೆ ಹೀಗೆ ಆಗಿದ್ದಲ್ಲ, ಎರಡು ಕಾರ್ಬುರೇಟರಿಗೆ ತಾಳ ತಪ್ಪಿದೆ ಅಷ್ಟೇ.

ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಮಾತು. ನಾನೊಮ್ಮೆ ಎರಡು ದಿನ ಇದೇ ಥರದ ಕಾರ್ಬುರೇಟರ್ ತಿರುಗಿಸಿ ತಿರುಗಿಸಿ ಸುಸ್ತಾಗಿ, ಕೊನೆಗೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಪಾಯಿಂಟ್ ಸುಟ್ಟು ಗುಂಡಿ ಬಿದ್ದಿತ್ತು. ಹಾಗಾಗಿ ಮೊದಲು ಅದನ್ನೆಲ್ಲ ನೋಡಿ ಮುಗಿಸಿ. ಪಾಯಿಂಟ್ ಗ್ಯಾಪ್ 0.38 ಮಿ.ಮೀ., ತಣ್ಣಗಿರುವಾಗ ವಾಲ್ವ್ ಗ್ಯಾಪ್ ಕೂಡ ಅಷ್ಟೇ, ಪ್ಲಗ್ ಗ್ಯಾಪ್ 0.63. ಕಿಡಿ ಹಾರುವ ಟೈಮಿಂಗ್ ಸರಿ ಇರಲಿ.

ಆಮೇಲೆ ಏರ್ ಫಿಲ್ಟರ್ ಬಿಚ್ಚಿ. ಕಾರ್ಬುರೇಟರಿನ ಒಳಗೆ ಅದರದ್ದೇ ಪಿಸ್ಟನ್ ಕಾಣುತ್ತದಲ್ಲ, ಬೆರಳಿನಲ್ಲಿ ಎತ್ತಿ ಬಿಡಿ. ನಿಧಾನಕ್ಕೆ ಇಳಿದು ಕೆಳಗೆ ಟಕ್ ಅಂತ ಕೂರಬೇಕು. ಕೂರದಿದ್ದರೆ ಮೇಲಿನ ಗುಮ್ಮಟ ಬಿಚ್ಚಿ, ಪೆಟ್ರೋಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಸ್ಯಾಂಡ್ ಪೇಪರ್ ಮಾತ್ರ ಮುಟ್ಟಿಸಬೇಡಿ. ಗುಮ್ಮಟ, ಪಿಸ್ಟನ್ ಜೋಡಿ ಜೋಡಿಯಾಗಿ ಹೊಂದಿಸಿದ್ದು, ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು ಕಥೆ. ಗುಮ್ಮಟದ ನಡುವಿನ ಕೊಳವೆಗೆ 20 ಗ್ರೇಡಿನ ಇಂಜಿನ್ ಆಯಿಲ್ ಹಾಕಿ. ಸಿಕ್ಕಿದ ಎಣ್ಣೆ ಬೇಡ. ನಮ್ಮೂರಲ್ಲಿ ಯಾವ ಯಂತ್ರ ಕಿರುಗುಟ್ಟಿದರೂ ತೆಂಗಿನೆಣ್ಣೆ ಬಿಡುವ ಅಭ್ಯಾಸ ಉಂಟು, ಆದರೆ 24 ಡಿಗ್ರಿ ಸುಮಾರಿಗೇ ಅದು ಗಟ್ಟಿಯಾಗಲು ಶುರು. ಡಿಸೆಂಬರ್ ಬೆಳಗ್ಗೆ ಆಕ್ಸಿಲರೇಟರ್ ಒತ್ತಿ ನೋಡಿ, ಆಗ ಗೊತ್ತಾಗುತ್ತದೆ.

ನಿಮ್ಮ ಗಾಡಿಯಲ್ಲಿ ನನಗೆ ಜಾಸ್ತಿ ಸಂಶಯ ಇರುವುದು ಚೋಕ್ ಮೇಲೆ. ಎಸ್‌ಯುನಲ್ಲಿ ಚೋಕ್ ಎಳೆದರೆ ಅಡಿಯ ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ಕೆಳಗಿಳಿಯುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಚೋಕ್ ಬಿಟ್ಟ ಮೇಲೆ ಅದು ಪೂರ್ತಿ ವಾಪಸ್ ಮೇಲೆ ಹೋಗಬೇಕು. ಮುಂದಿನದ್ದು ಅರ್ಧದಲ್ಲೇ ಸಿಕ್ಕಿಕೊಂಡಿದ್ದರೆ ಮುಂದಿನ ಎರಡು ಪ್ಲಗ್ ಮಸಿ ಹಿಡಿಯದೆ ಇನ್ನೇನು? ಬೆರಳಿನಿಂದ ಮೇಲಕ್ಕೆ ಒತ್ತಿ ನೋಡಿ. ಒತ್ತಿದಾಗ ಸರಕ್ಕನೆ ಮೇಲೆ ಹೋದರೆ ಕಳ್ಳ ಸಿಕ್ಕಿದ.

ಈಗ ಬ್ಯಾಲೆನ್ಸ್. ಗಾಡಿಯನ್ನು ಅಂಗಳಕ್ಕೆ ತನ್ನಿ, ಶೆಡ್ಡಿನೊಳಗೆ ಹೊಗೆ ತುಂಬಿಸಿಕೊಂಡು ಮಾಡುವ ಕೆಲಸ ಇದಲ್ಲ. ಮುಂಡು ಉಟ್ಟು ಇಂಜಿನ್ ಮೇಲೆ ಬಗ್ಗಬೇಡಿ ಮಾರಾಯ್ರೆ, ಎದುರಿಗೇ ಫ್ಯಾನ್ ತಿರುಗುತ್ತಿರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಎರಡು ಥ್ರಾಟಲ್‌ಗಳನ್ನು (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ಜೋಡಿಸುವ ಸರಳು ಇದೆಯಲ್ಲ, ಅದರ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಚೋಕಿನ ಸರಳಿನದ್ದೂ ಸಡಿಲಿಸಿ. ಈಗ ಎರಡೂ ಬೇರೆ ಬೇರೆ. ಇದನ್ನು ಮಾಡದೆ ಸ್ಕ್ರೂ ತಿರುಗಿಸಿದರೆ ಒಂದು ಇನ್ನೊಂದನ್ನು ಎಳೆಯುತ್ತಾ ಇರುತ್ತದೆ, ನಿಮ್ಮ ಮೆಕ್ಯಾನಿಕ್ ಇಲ್ಲೇ ಎಡವಿರಬೇಕು.

ಇನ್ನು ಬೇಕಾದದ್ದು ಒಂದೂವರೆ ಅಡಿ ಪೈಪು. ಗಾಳಿ ಅಳೆಯುವ ಮೀಟರ್ ಸಿಗುತ್ತದೆ, ಇದ್ದರೆ ಒಳ್ಳೆಯದೇ. ಆದರೆ ನಾನು ಬಳಸುವುದು ಅಡಿಕೆಗೆ ಮದ್ದು ಬಿಡುವ ಪೈಪಿನ ಹೊಸ ತುಂಡು. (ಹೊಸತು ಅಂದೆ. ಮದ್ದು ಬಿಟ್ಟ ಪೈಪನ್ನು ಕಿವಿಗೆ ಇಡಬೇಡಿ.) ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಯ ಅಂಚಿಗೆ. ಬುಸ್ಸ್ ಅಂತ ಗಾಳಿ ಎಳೆಯುವ ಸದ್ದು ಕೇಳುತ್ತದೆ. ಹಿಂದಿನದ್ದಕ್ಕೂ ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿ ಹಿಡಿಯಿರಿ. ಯಾವುದು ಜೋರಾಗಿ ಬುಸುಗುಟ್ಟುತ್ತದೋ ಅದರ ಐಡಲ್ (ನಿಂತಲ್ಲಿ ಇಂಜಿನ್ ಓಡುವ ವೇಗದ) ಸ್ಕ್ರೂ ಸ್ವಲ್ಪ ಬಿಚ್ಚಿ, ಇನ್ನೊಂದರದ್ದು ಸ್ವಲ್ಪ ಬಿಗಿ ಮಾಡಿ. ಐದಾರು ಸಲ ಆಚೆ ಈಚೆ ಹೋಗಬೇಕಾಗುತ್ತದೆ. ಎರಡೂ ಒಂದೇ ಸದ್ದು ಮಾಡಿ, ಐಡಲ್ ನಿಮಿಷಕ್ಕೆ 800 ಸುತ್ತಿನ ಆಸುಪಾಸು ಬಂದರೆ ಸಾಕು. ಎಷ್ಟು ಮಾಡಿದರೂ ಹೊಂದದಿದ್ದರೆ ಥ್ರಾಟಲ್ ತಿರುಗುವ ಸಣ್ಣ ಸರಳು, ಅಂದರೆ ಸ್ಪಿಂಡಲ್, ಸವೆದು ಅಲ್ಲಿಂದ ಗಾಳಿ ಒಳಗೆ ಹೋಗುತ್ತಿರಬಹುದು. ಸೋಪು ನೀರು ಸ್ವಲ್ಪ ಚಿಮುಕಿಸಿದಾಗ ಇಂಜಿನ್ ಸದ್ದು ಬದಲಾದರೆ ಅದೇ. ಆಗ ಟ್ಯೂನಿಂಗ್ ನಿಲ್ಲಿಸಿ, ಮೊದಲು ಸ್ಪಿಂಡಲ್, ಬುಶ್ ಹೊಸದು ಹಾಕಿಸಿ.

ಗಾಳಿ ಸರಿಯಾದ ಮೇಲೆಯೇ ಪೆಟ್ರೋಲು. ಜೆಟ್ಟಿನ ಅಡಿಯಲ್ಲಿ ಆರು ಮುಖದ ನಟ್ಟು ಇದೆ. ಮೇಲಕ್ಕೆ ಹೋದರೆ ಪೆಟ್ರೋಲ್ ಕಮ್ಮಿ, ಕೆಳಗೆ ಬಂದರೆ ಜಾಸ್ತಿ. ಈಗಾಗಲೇ ಯಾರೋ ಮನಸ್ಸಿಗೆ ಬಂದಂತೆ ತಿರುಗಿಸಿದ್ದಾರೆ ಅಂದಿರಲ್ಲ, ಹಾಗಾದರೆ ಇಂಜಿನ್ ಆಫ್ ಮಾಡಿ ಎರಡೂ ಜೆಟ್‌ಗಳನ್ನು ಒಳಗಿನ ಸೇತುವೆಗೆ (ಪಿಸ್ಟನ್ ಇಳಿದು ಕೂರುವ ದಿಣ್ಣೆಗೆ) ಸಮ ಬರುವವರೆಗೆ ಏರಿಸಿ, ಅಲ್ಲಿಂದ ಎರಡು ಪೂರ್ತಿ ಸುತ್ತು, ಅಂದರೆ 12 ಮುಖ, ಕೆಳಗಿಳಿಸಿ. ಇದು ಶುರು ಮಾಡುವ ಜಾಗ. ಸ್ಟಾರ್ಟ್ ಮಾಡಿ, ಕಾರ್ಬುರೇಟರ್ ಬದಿಯಲ್ಲಿರುವ ಸಣ್ಣ ಪಿನ್ ಒತ್ತಿ ಪಿಸ್ಟನ್ ಒಂದು ಮಿ.ಮೀ.ಗಿಂತ ಕಮ್ಮಿ ಎತ್ತಿ. ಇಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಕೂಡಲೇ ಸಾಯುವ ಹಾಗೆ ಆದರೆ ಕಮ್ಮಿ. ಒಂಚೂರು ಏರಿ ಮತ್ತೆ ಮೊದಲಿನ ಹದಕ್ಕೆ ಇಳಿದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಒಂದನ್ನು ಸರಿ ಮಾಡಿದರೆ ಇನ್ನೊಂದು ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಮತ್ತೆ ಮೊದಲಿನದ್ದನ್ನು ನೋಡಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಕೊನೆಗೆ ಕ್ಲಾಂಪ್‌ಗಳನ್ನು ಬಿಗಿ ಮಾಡಿ, 1500ರ ವೇಗದಲ್ಲಿ ಪೈಪು ಹಿಡಿದು ಇನ್ನೊಮ್ಮೆ ಕೇಳಿ. ಐಡಲ್‌ನಲ್ಲಿ ಹೊಂದಿ ಇಲ್ಲಿ ಹೊಂದದಿದ್ದರೆ ಬಿಗಿ ಮಾಡುವಾಗ ಒಂದು ಥ್ರಾಟಲ್ ಮೊದಲೇ ತೆರೆದುಕೊಂಡಿದೆ ಅಂತ. ಏರಿನಲ್ಲಿ ಮುಕ್ಕರಿಯುವುದಕ್ಕೆ ಇದೂ ಒಂದು ಕಾರಣ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ಪ್ಲಗ್ ಬಿಚ್ಚಿ ನೋಡಿ. ನಾಲ್ಕೂ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿರಬೇಕು.

ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸುವುದರಿಂದ ಹಳೇ ಲೆಕ್ಕಕ್ಕಿಂತ ಒಂದೆರಡು ಮುಖ ಕೆಳಗೆ ಬೇಕಾಗಬಹುದು. ಹಳೇ ರಬ್ಬರ್ ಪೈಪುಗಳನ್ನೂ ಬದಲಾಯಿಸಿ, ಎಥೆನಾಲ್ ಅವುಗಳನ್ನು ತಿನ್ನುತ್ತದೆ. ಇನ್ನೊಂದು, ಆ ಇಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ ಒಂದೇ ಬದಿಗೆ. ಹೈವೇ ಬ್ಲಾಕಿನಲ್ಲಿ ಏಪ್ರಿಲ್ ಮಧ್ಯಾಹ್ನ ಸಿಕ್ಕಿಬಿದ್ದರೆ ಪೆಟ್ರೋಲ್ ಕುದಿಯುತ್ತದೆ. ಆಗ ಗಾಡಿ ನಿಂತರೆ ಟ್ಯೂನಿಂಗ್ ಹಾಳಾಯ್ತು ಅಂತ ಸ್ಕ್ರೂಗೆ ಕೈ ಹಾಕಬೇಡಿ. ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ಬಿಡಿ, ಕಾರ್ಬುರೇಟರ್ ಹಿಂದಿನ ತಗಡು ಇದೆಯಾ ಅಂತ ಮನೆಗೆ ಬಂದು ನೋಡಿ.

ಪ್ರಶ್ನೆ: ನನ್ನ ರಾಜ್‌ದೂತ್ 350 ಬೈಕಿಗೂ ಎರಡು ಕಾರ್ಬುರೇಟರ್. ಪೈಪಿನ ಉಪಾಯ ನಡೆಯುತ್ತದಾ? (ಉಪ್ಪಳದ ಓದುಗರು)

ಉತ್ತರ: ಅದಕ್ಕೆ ಕಿವಿಗಿಂತ ಕಣ್ಣು ಒಳ್ಳೆಯದು. ಫಿಲ್ಟರ್ ಬಿಚ್ಚಿ, ಗಾಳಿಯ ದಾರಿಯಲ್ಲಿ ಏರಿಳಿಯುವ ಎರಡೂ ಸ್ಲೈಡಿನ ಅಡಿಗೆ ಒಂದೇ ದಪ್ಪದ ಎರಡು ಡ್ರಿಲ್ ಬಿಟ್ ಇಡಿ. ನಿಧಾನಕ್ಕೆ ಆಕ್ಸಿಲರೇಟರ್ ತಿರುಗಿಸಿದಾಗ ಎರಡೂ ಒಟ್ಟಿಗೇ ಸಡಿಲಾಗಬೇಕು. ಕೇಬಲ್ ಮುಟ್ಟಿದ ಮೇಲೆ ಆಯಿಲ್ ಪಂಪಿನ ಗುರುತು ಹೊಂದಿದೆಯಾ ನೋಡಲು ಮರೆಯಬೇಡಿ, ಮರೆತರೆ ಎಣ್ಣೆ ಸಾಲದೆ ಇಂಜಿನ್ನಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಪದ್ಮಿನಿ ಕಾರಿನ ಕಾರ್ಬುರೇಟರ್ ಬ್ಯಾಲೆನ್ಸ್ ಮಾಡಲು ಎಷ್ಟು ಖರ್ಚು? (ಮುಳ್ಳೇರಿಯದ ಓದುಗರು)

ಉತ್ತರ: ಅದಕ್ಕಿರುವುದು ಒಂದೇ ಕಾರ್ಬುರೇಟರ್. ಯಾವುದರ ಜೊತೆ ಬ್ಯಾಲೆನ್ಸ್ ಮಾಡುವುದು? ಐಡಲ್ ಸ್ಕ್ರೂ, ಮಿಕ್ಸ್ಚರ್ ಸ್ಕ್ರೂ ಎರಡನ್ನು ಹದ ಮಾಡಿದರೆ ಆಯಿತು. ಬ್ಯಾಲೆನ್ಸಿಂಗ್ ಅಂತ ಬಿಲ್ಲಿನಲ್ಲಿ ಬರೆದಿದ್ದರೆ ಅದು ಚಕ್ರದ್ದಾ ಅಂತ ಕೇಳಿ.