ಆ ಕೆಮ್ಮು ಯಾರದು?

ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯ ಓದುಗರೊಬ್ಬರು ಬರೆದ ಪತ್ರವನ್ನು ಓದಿದ ಮೇಲೆ, ಈ ವಾರಕ್ಕೆಂದು ಎತ್ತಿಟ್ಟಿದ್ದ ಬೇರೆಲ್ಲ ಪತ್ರಗಳನ್ನೂ ಬದಿಗಿಟ್ಟಿದ್ದೇನೆ. ಇದಕ್ಕೆ ತಡವಾಗಿ ಉತ್ತರಿಸಿ ಪ್ರಯೋಜನವಿಲ್ಲ. ಭತ್ತ ಹಾಲುಗಟ್ಟುವ ಹೊತ್ತಾಗಿದೆ, ಹಂದಿಗಳು ಗದ್ದೆಗೆ ಇಳಿಯತೊಡಗಿವೆ, ಮತ್ತೆ ಕಾಡಿಗೆ ಹೋಗುವ ದಿನವನ್ನು ಇವರ ಸೋದರಮಾವ ಆಗಲೇ ಗೊತ್ತುಮಾಡಿದ್ದಾರೆ.

ಸಹೋದರರೇ, ನಿಮ್ಮ ಸಂಗತಿ ಇತರ ಓದುಗರಿಗೂ ತಿಳಿಯಲೆಂದು ಚಿಕ್ಕದಾಗಿ ಹೇಳುತ್ತೇನೆ. ನಿಮಗೆ ಮೂವತ್ತೊಂದು ವರ್ಷ. ಮೀಸೆ ಚಿಗುರುವ ಮೊದಲೇ ಮಾವನ ಬೆನ್ನು ಹಿಡಿದು ರಾತ್ರಿ ಬೇಟೆಗೆ ಹೋದವರು. ತಂದೆ ತೀರಿಕೊಂಡು ಎರಡು ವರ್ಷವಾಯಿತು. ಬೆಳೆ ರಕ್ಷಣೆಗೆಂದು ಅವರ ಹೆಸರಿನಲ್ಲಿ ಪರವಾನಗಿ ಇದ್ದ ಬಂದೂಕು ಹಳೆಯ ಧೋತರದಲ್ಲಿ ಸುತ್ತಿಟ್ಟಂತೆಯೇ ನಿಮ್ಮ ಅಟ್ಟದ ಮೇಲಿದೆ. ಕಳೆದ ಚಳಿಗಾಲದ ಒಂದು ಅಮಾವಾಸ್ಯೆಯಂದು ಅದನ್ನು ಹೊತ್ತುಕೊಂಡು ನೀವು ಮತ್ತು ಮಾವ ಕಾಡಿನಂಚಿಗೆ ಹೋದಿರಿ. ತಲೆಗೆ ಕಟ್ಟಿದ್ದ ಬ್ಯಾಟರಿಯ ಬೆಳಕಿಗೆ ಎರಡು ಕಣ್ಣುಗಳು ನಿಮ್ಮ ಎದೆಯ ಎತ್ತರದಲ್ಲಿ ಹಸಿರಾಗಿ ಹೊಳೆದವು. "ಹಂದಿ ಐತಿ, ಹೊಡಿಯೋ" ಎಂದು ಮಾವ ಹಿಂದಿನಿಂದ ಪಿಸುಗುಟ್ಟಿದರು. ನಿಮ್ಮ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಆ ಕಣ್ಣುಗಳು ಮಿಟುಕಲಿಲ್ಲ, ಕದಲಲಿಲ್ಲ. ಆಮೇಲೆ ಒಮ್ಮೆಗೇ ಆರಿಹೋದವು. ನೀವಿಬ್ಬರೂ ಎದ್ದುಬಿದ್ದು ಓಡಿ ಬಂದಿರಿ. ಅಂದಿನಿಂದ ನಿಮಗೆ ನಿದ್ದೆಯಿಲ್ಲ, ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲೂ ಕಾಲು ಏಳುವುದಿಲ್ಲ. ತಾಯಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತಿದ್ದಾರೆ. ಹೆಂಡತಿಗೆ ನೀವು ಏನನ್ನೂ ಹೇಳಿಲ್ಲ. ಇನ್ನೊಮ್ಮೆ ಹೋಗಿ ಅಂಜಿಕೆಯನ್ನು ಮುರಿದುಕೊಳ್ಳಬೇಕೋ, ಅಂಜುಬುರುಕನೆಂಬ ಹೆಸರನ್ನು ಹೊತ್ತು ಮನೆಯಲ್ಲೇ ಇರಬೇಕೋ ಎಂಬುದು ನಿಮ್ಮ ಪ್ರಶ್ನೆ.

ಆ ಕಣ್ಣುಗಳ ಬಗ್ಗೆ ನೀವು ಒಂದು ಪುಟ ತುಂಬ ಬರೆದಿದ್ದೀರಿ. ಆದರೆ ಪುಟದ ಕೊನೆಯಲ್ಲಿ, ಉಳಿದ ಜಾಗದಲ್ಲಿ ಹಿಡಿಸುವಂತೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಕಣ್ಣು ಆರುವ ಮೊದಲು ಯಾರೋ ಕೆಮ್ಮಿದಂತಾಯಿತು, ಅದು ನನ್ನ ಭ್ರಮೆ ಇರಬಹುದು." ಮುಂದಿನ ಪುಟದಲ್ಲಿ ಅದರ ಸುದ್ದಿಯೇ ಇಲ್ಲ. ನಾನು ಆ ಸಾಲನ್ನು ದಾಟಿ ಮುಂದೆ ಹೋಗಲಾರದೆ ಹೋದೆ. ನಿಮ್ಮ ನಿದ್ದೆ ಕೆಟ್ಟಿರುವುದು ಹೊಳೆದ ಕಣ್ಣುಗಳಿಂದಲ್ಲವೆಂದೂ, ಆ ಒಂದು ಕೆಮ್ಮಿನಿಂದಲೆಂದೂ ನನಗೆ ಖಚಿತವಾಗಿ ಅನ್ನಿಸುತ್ತದೆ.

ಕಣ್ಣುಗಳ ಮಾತನ್ನು ಮೊದಲು ಮುಗಿಸೋಣ. ದನ, ಎಮ್ಮೆ, ಕಡವೆ, ಚಿರತೆ, ನಾಯಿ ಮುಂತಾದ ಪ್ರಾಣಿಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿರುತ್ತದೆ. ಒಳಹೊಕ್ಕ ಬೆಳಕನ್ನು ಅದು ಮರಳಿ ಹೊರಗೆ ಕಳಿಸುವುದರಿಂದ ಅವುಗಳ ಕಣ್ಣು ರಾತ್ರಿ ಕೆಂಡದಂತೆ ಹೊಳೆಯುತ್ತದೆ. ಮನುಷ್ಯರ ಕಣ್ಣಿಗೆ ಆ ಪದರವಿಲ್ಲ. ಹಂದಿಯ ಕಣ್ಣಿಗೂ ಇಲ್ಲ. ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ಎದೆಯೆತ್ತರದಲ್ಲಿ, ಒಂದಕ್ಕೊಂದು ದೂರವಾಗಿ, ಹಸಿರಾಗಿ ಬೆಳಗಿದ ಕಣ್ಣುಗಳು ಹಂದಿಯವು ಆಗಿರಲು ಸಾಧ್ಯವಿಲ್ಲ. ಅಲ್ಲಿ ನಿಂತಿದ್ದದ್ದು ಕಡವೆಯೋ ಕಾಡುಕೋಣವೋ ಆಗಿರಬಹುದು. ಆದರೆ ಬೆಳಕಿಗೆ ಬೆದರದೆ, ಮನುಷ್ಯರ ವಾಸನೆಗೆ ಓಡದೆ ಸುಮ್ಮನೆ ನಿಂತಿತ್ತೆಂದು ನೀವೇ ಬರೆದಿರುವುದರಿಂದ, ಅದು ಮನುಷ್ಯರೊಡನೆ ಬದುಕುವ ಪ್ರಾಣಿ, ಬಹುಪಾಲು ಎಮ್ಮೆ. ನಿಮ್ಮ ಭಾಗದ ಕಾಡಿನೊಳಗೆ ಗವಳಿಗರ ವಾಡೆಗಳಿವೆ. ಸಂಜೆ ಕೊಟ್ಟಿಗೆಗೆ ಬಾರದ ಎಮ್ಮೆಯನ್ನು ಹುಡುಕಿಕೊಂಡು ಅವರು ಹೊತ್ತಿಲ್ಲದ ಹೊತ್ತಿನಲ್ಲಿ ಅಡವಿ ಸುತ್ತುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಮ್ಮೆಯ ಕಣ್ಣು ನಿಮಗೆ ಕಂಡಿತು. ಅದರ ಪಕ್ಕದಲ್ಲಿ ನಿಂತವನ ಕಣ್ಣು ಹೊಳೆಯದ ಕಾರಣ ಅವನು ಕಾಣಲಿಲ್ಲ, ಅವನ ಕೆಮ್ಮು ಮಾತ್ರ ಕೇಳಿಸಿತು. ಚಿರತೆಯೂ ಕೆಮ್ಮಿದಂಥ ಸದ್ದು ಮಾಡುತ್ತದೆ ಎಂದು ನೀವು ಹೇಳಬಹುದು. ಚಿರತೆಯ ಕೂಗು ಗರಗಸದಿಂದ ಕಟ್ಟಿಗೆ ಕೊಯ್ದ ಹಾಗೆ ಮತ್ತೆ ಮತ್ತೆ ಬರುತ್ತದೆ. ಮೈಮೇಲೆ ಬೆಳಕು ಬಿದ್ದಾಗ ಮೆಲ್ಲಗೆ ಒಂದು ಸಲ ಕೆಮ್ಮುವವನು ಮನುಷ್ಯ.

ಪತ್ರದಲ್ಲಿ ನೀವು ಬರೆದ ಉಳಿದ ಭಯಗಳಿಗೆ ಉತ್ತರಗಳಿವೆ, ನಿಮ್ಮ ಸಮಾಧಾನಕ್ಕೆ ಅವನ್ನೂ ಹೇಳುತ್ತೇನೆ. ಹೆಂಗಸು ಚೀರಿದಂತೆ ಕೇಳಿಸುವ ಕೂಗು ಘಟ್ಟದ ದಟ್ಟ ಕಾಡಿನಲ್ಲಿರುವ ದೊಡ್ಡ ಗೂಬೆಯದು. ಊರಿಲ್ಲದ ಕಡೆ ನಾಯಿ ಬೊಗಳಿದಂತೆ ತಾಸುಗಟ್ಟಲೆ ಕೂಗುವುದು ಕಾಡುಕುರಿ. ಹುಲಿ, ಚಿರತೆಗಳ ಸುಳಿವು ಸಿಕ್ಕಾಗ ಅದು ಹಾಗೆ ಕೂಗುತ್ತದೆ. ಮಳೆಗಾಲದಲ್ಲಿ ನೀವು ಕಂಡ, ಮಾವ ಕೊಳ್ಳಿದೆವ್ವವೆಂದು ಹೆಸರಿಟ್ಟ ತಿಳಿಹಸಿರು ಬೆಳಕು ಕೊಳೆತ ಕಟ್ಟಿಗೆಯ ಮೇಲೆ ಬೆಳೆಯುವ ಅಣಬೆಯದು. ಕತ್ತಲಲ್ಲಿ ಒಂದೇ ಬೆಳಕಿನ ಚುಕ್ಕಿಯನ್ನು ದಿಟ್ಟಿಸಿದರೆ ಅದು ಇದ್ದಲ್ಲೇ ಇದ್ದರೂ ತೇಲಿ ಬಂದಂತೆ ಕಾಣುತ್ತದೆ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ತಾಸು ಬೇಕು, ಬ್ಯಾಟರಿ ಒಮ್ಮೆ ಹೊತ್ತಿದರೆ ಆ ಹೊಂದಾಣಿಕೆ ಅಷ್ಟೂ ಹೋಗುತ್ತದೆ. ಹೀಗಾಗಿ ತಲೆಗೆ ದೀಪ ಕಟ್ಟಿಕೊಂಡ ಬೇಟೆಗಾರನಿಗೆ ಬೆಳಕಿನ ವೃತ್ತದ ಆಚೆ ಏನೂ ತಿಳಿಯುವುದಿಲ್ಲ. ನಿಜವಾಗಿ ಹೆದರಬೇಕಾದ ಪ್ರಾಣಿ ಕರಡಿ. ಅದರ ದೃಷ್ಟಿ ಮಂದ. ಹುತ್ತ ಕೆದರುವುದರಲ್ಲಿ ಮೈಮರೆತಿರುವಾಗ ಹತ್ತಿರ ಹೋದರೆ ಅದು ಓಡುವ ಬದಲು ಮುಖದ ಮೇಲೆಯೇ ಎರಗುತ್ತದೆ.

ಈಗ ನಿಮ್ಮ ಮಾವನ ವಿಷಯ. ನನಗೆ ಅವರ ಮೇಲೆ ಬಹಳ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಜೀವಮಾನವೆಲ್ಲ ಬೇಟೆಯಾಡಿದೆನೆಂದು ಹೇಳಿಕೊಳ್ಳುವವರಿಗೆ ಹಂದಿಯ ಕಣ್ಣಿಗೂ ಎಮ್ಮೆಯ ಕಣ್ಣಿಗೂ ವ್ಯತ್ಯಾಸ ತಿಳಿಯದೆ ಇರುವುದಿಲ್ಲ. ತಿಳಿಯದಿದ್ದರೆ "ಹೊಡಿ" ಎನ್ನುವ ಅಧಿಕಾರ ಅವರಿಗಿಲ್ಲ; ತಿಳಿದೂ ಹೇಳಿದ್ದರೆ ಅದಕ್ಕೆ ಏನು ಹೆಸರಿಡಬೇಕೆಂಬುದನ್ನು ಅವರೇ ಯೋಚಿಸಲಿ. ನಿಮ್ಮೊಡನೆ ಅವರೂ ಓಡಿದರು. ಹಾಗಿದ್ದೂ ಮನೆಗೆ ಬಂದಾಗ "ತಂಗೀ, ಹುಡುಗಗ ಏನೋ ಗಾಳಿ ಬಡದೈತಿ" ಎಂದು ನಿಮ್ಮ ತಾಯಿಯನ್ನು ಹೆದರಿಸುತ್ತಾರೆ, ಕಟ್ಟೆಯ ಮೇಲೆ ಕುಳಿತಾಗ ನಿಮ್ಮನ್ನು ಹೇಡಿಯೆಂದು ನಗುತ್ತಾರೆ. ಈ ಎರಡು ಮಾತುಗಳೂ ಒಂದೇ ಕೆಲಸ ಮಾಡುತ್ತಿವೆ: ಆ ಕೆಮ್ಮಿನ ಬಗ್ಗೆ ಯಾರೂ ಕೇಳದಂತೆ ನೋಡಿಕೊಳ್ಳುತ್ತಿವೆ. ನಿದ್ದೆಗೆಟ್ಟವನ ಮುಂದೆ ಗಂಡಸ್ತನದ ಮಾತು ಆಡಬಾರದೆಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಆ ರಾತ್ರಿ ನಿಮ್ಮ ಬೆರಳನ್ನು ತಡೆದದ್ದನ್ನು ನೀವು ಅಂಜಿಕೆ ಎಂದು ಕರೆದಿದ್ದೀರಿ. ಆ ಅಂಜಿಕೆಯಿಂದಾಗಿ ಒಬ್ಬ ಮನುಷ್ಯ ತನ್ನ ಎಮ್ಮೆಯೊಡನೆ ಮನೆಗೆ ಹೋದ. ಅದನ್ನು ಮುರಿದುಕೊಳ್ಳುವ ಮಾತನ್ನು ಇನ್ನೊಮ್ಮೆ ಆಡಬೇಡಿ.

ತಾಯಿಯವರ ಹರಕೆಗೆ ನನ್ನ ಆಕ್ಷೇಪವಿಲ್ಲ, ಅವರ ಜೊತೆ ಗುಡ್ಡಕ್ಕೆ ಹೋಗಿ ಬನ್ನಿ. ಆದರೆ ಅದಕ್ಕೂ ಮೊದಲು ಹೆಂಡತಿಗೆ ಎಲ್ಲವನ್ನೂ ಹೇಳಿ, ಕೆಮ್ಮಿನ ಸಾಲನ್ನೂ ಸೇರಿಸಿ ಹೇಳಿ. ಇಷ್ಟು ತಿಂಗಳಾದರೂ ನಿದ್ದೆ ಮರಳಿಲ್ಲವಾದ್ದರಿಂದ ವೈದ್ಯರಿಗೆ ತೋರಿಸುವುದೂ ಅಗತ್ಯ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವಲ್ಲ, ಅಲ್ಲಿಯ ತನಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ ಮಾತಾಡಬಹುದು.

ಗದ್ದೆಯ ನಷ್ಟ ಸಣ್ಣದೆಂದು ನಾನು ಹೇಳುವುದಿಲ್ಲ. ಒಂದೇ ರಾತ್ರಿಯಲ್ಲಿ ಹಂದಿಯ ಹಿಂಡು ಏನು ಮಾಡಿ ಹೋಗುತ್ತದೆಂದು ಭತ್ತ ಬೆಳೆದವರಿಗೆ ಗೊತ್ತು. ನಷ್ಟವಾದ ಕೂಡಲೇ ಫೋಟೊ, ಪಹಣಿಗಳೊಡನೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಬೆಳೆಹಾನಿ ಪರಿಹಾರದ ಅರ್ಜಿ ಕೊಡಿ. ಲಿಖಿತ ಅನುಮತಿಯಿಲ್ಲದೆ ಹಂದಿಯನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಗಿದೆ. ಅದರ ಗಡಿಯೊಳಗೆ ಅನುಮತಿಯಿಲ್ಲದೆ ಬಂದೂಕು ಹಿಡಿದು ಕಾಲಿಡುವುದೇ ಅಪರಾಧ, ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಸೆರೆವಾಸ.

ನೀವು ಬಾರದಿದ್ದರೆ ಪಿಯುಸಿ ಓದುತ್ತಿರುವ ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗುತ್ತೇನೆಂದು ಮಾವ ಹೇಳಿದ್ದಾರೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹೋಗುವುದೋ ಬಿಡುವುದೋ ಎಂಬ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗಿಯಿತು, ಏಕೆಂದರೆ ನೀವು ಮನೆಯಲ್ಲಿ ಉಳಿದರೂ ಬಂದೂಕು ಹೋಗುತ್ತದೆ. ಮಾವನ ಬಳಿ ಬೇರೆ ಬಂದೂಕಿಲ್ಲ. ಆದ್ದರಿಂದ ನನ್ನ ಸಲಹೆ ಒಂದೇ: ಆ ಬಂದೂಕನ್ನು ಠಾಣೆಗೆ ಒಪ್ಪಿಸಿ. ಪರವಾನಗಿ ಇದ್ದವರು ತೀರಿಕೊಂಡ ಮೇಲೆ ಅದು ಮನೆಯವರಿಗೆ ತಾನಾಗಿ ಬರುವುದಿಲ್ಲ; 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಂಥ ಆಯುಧವನ್ನು ವಿಳಂಬ ಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಇರಿಸಬೇಕು, ವಾರಸುದಾರರಿಗೆ ಬೇಕಿದ್ದರೆ ತಮ್ಮ ಹೆಸರಿನಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ನೀವು ಆ ಅರ್ಜಿ ಹಾಕಬೇಡಿ. ಈಗಾಗಲೇ ಎರಡು ವರ್ಷ ತಡವಾಗಿರುವುದರಿಂದ ಮೊದಲು ಖಾನಾಪುರದ ಯಾರಾದರೊಬ್ಬ ವಕೀಲರನ್ನು ಕಂಡು, ತಂದೆಯವರ ಮರಣ ಪ್ರಮಾಣಪತ್ರ ಮತ್ತು ಪರವಾನಗಿ ಪುಸ್ತಕವನ್ನು ತೋರಿಸಿ, ಅವರ ಜೊತೆಗೇ ಠಾಣೆಗೆ ಹೋಗಿ. ಮಾವನಿಗೆ ಮೊದಲೇ ತಿಳಿಸಬೇಡಿ. ತಮ್ಮನನ್ನು ಮಾತ್ರ ಕರೆದುಕೊಂಡು ಹೋಗಿ, ಅವನ ಎದುರಿನಲ್ಲಿಯೇ ರಸೀದಿ ಪಡೆಯಿರಿ, ಉಳಿದ ತೋಟಾಗಳ ಲೆಕ್ಕವೂ ಅದರಲ್ಲಿ ಬರೆದಿದೆಯೇ ಎಂದು ನೋಡಿಕೊಳ್ಳಿ.