ಕ್ರೆಟಾ ಎನ್ ಲೈನ್ ದಂಡವಾ?

ನಮಸ್ಕಾರ ಸರ್. ಬೆಂಗಳೂರಲ್ಲಿ ದಿನಾ ಜಯನಗರದಿಂದ ಮಾರತ್‌ಹಳ್ಳಿಗೆ ಓಡಾಟ, ಹಿಂದಿನ ಸೀಟಲ್ಲಿ ಆಗಾಗ ಅಮ್ಮ, ಮಕ್ಕಳು. ಹ್ಯುಂಡೈ ಕ್ರೆಟಾ ಕಾರಿನ ಸ್ಪೋರ್ಟಿ ಮಾದರಿ ಎನ್ ಲೈನ್ ತಗೊಂಡ್ರೆ ದಂಡವಾ ಅಂತ ಕೇಳಿದ್ದೀರಿ. ನಿಮ್ಮ ಓಡಾಟಕ್ಕೆ ದಂಡವೇ ಅನ್ನೋದು ನನ್ನ ಅಭಿಪ್ರಾಯ.

ಎನ್ ಲೈನ್‌ನಲ್ಲಿರೋದು ಮಾಮೂಲಿ ಕ್ರೆಟಾ ಟರ್ಬೊದ ಅದೇ 1.5 ಲೀಟರ್ ಎಂಜಿನ್. ಅದೇ 160 ಪಿಎಸ್ ಶಕ್ತಿ, ಎಳೆಯೋ ಬಲವೂ (ಟಾರ್ಕ್) ಅದೇ 253 ಎನ್‌ಎಂ. ನೀವು ದುಡ್ಡು ಕೊಡೋದು ಬಿಗಿ ಸಸ್ಪೆನ್ಷನ್, 18 ಇಂಚಿನ ಚಕ್ರ, ಸ್ವಲ್ಪ ಗುಡುಗುವ ಎಕ್ಸಾಸ್ಟ್, ಮತ್ತೆ ಸೀಟಿನ ಕೆಂಪು ಹೊಲಿಗೆಗೆ. ಆ ಹೆಚ್ಚಿನ ದುಡ್ಡಿನ ಮೇಲೂ ರೋಡ್ ಟ್ಯಾಕ್ಸ್ ಬೀಳುತ್ತೆ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ 160 ಪಿಎಸ್ ಇದ್ದರೂ ಒಂದೇ, 80 ಇದ್ದರೂ ಒಂದೇ. ಅಲ್ಲಿ ಒದ್ದಾಡೋದು ಕ್ಲಚ್. ಇದರ 7 ಸ್ಪೀಡ್ ಡಿಸಿಟಿ, ಅಂದ್ರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿರೋದು ಡ್ರೈ ಕ್ಲಚ್, ತಂಪು ಮಾಡೋಕೆ ಸುತ್ತ ಆಯಿಲ್ ಇರಲ್ಲ. ಇಂಚಿಂಚಾಗಿ ತೆವಳಿಸಿದಷ್ಟೂ ಬಿಸಿಯಾಗುತ್ತೆ. ಮುಂದಿನ ಗಾಡಿ ಒಂದು ಕಾರಿನಷ್ಟು ಜಾಗ ಬಿಡೋವರೆಗೆ ಬ್ರೇಕ್ ಒತ್ತಿ ನಿಂತು, ಆಮೇಲೆ ಒಂದೇ ಸಲ ಮುಂದೆ ಹೋಗಬೇಕು. (ಅಷ್ಟರಲ್ಲಿ ಆ ಸಂದಿಗೆ ಆಟೋ ನುಗ್ಗಿರುತ್ತೆ, ಅದು ಬೇರೆ ಮಾತು.) ಟ್ರಾಫಿಕ್‌ಗೆ 115 ಪಿಎಸ್‌ನ ಮಾಮೂಲಿ ಪೆಟ್ರೋಲ್, ಐವಿಟಿ (ಗೇರ್ ಹಂತಗಳಿಲ್ಲದ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಎಷ್ಟೋ ಆರಾಮ.

ಒಂದೇ ಒಂದು ಕಾರಣಕ್ಕೆ ನಾನು ಎನ್ ಲೈನ್ ಪರ: 2024ರಲ್ಲಿ ಅದು ಬಂದಾಗ ಟರ್ಬೊ ಎಂಜಿನ್‌ಗೆ ಮ್ಯಾನುಯಲ್ ಗೇರ್ ಸಿಕ್ಕಿದ್ದು ಅದರಲ್ಲಿ ಮಾತ್ರ. ಸಕಲೇಶಪುರ, ಶಿರಾಡಿ ಘಾಟಿ ಅಂತ ಸುತ್ತೋ ಹುಚ್ಚು ಇದ್ದರೆ ಮಜಾ ಇದೆ.

ಟೆಸ್ಟ್ ಡ್ರೈವ್‌ಗೆ ಅಮ್ಮನ್ನೂ ಕರ್ಕೊಂಡು ಹೋಗಿ. ಶೋರೂಮ್‌ನವರು ನುಣುಪು ರಸ್ತೆ ತೋರಿಸ್ತಾರೆ, ನೀವು ಹಂಪ್, ಗುಂಡಿ ಇರೋ ಕಡೆ ಓಡಿಸಿ. ಬಿಗಿ ಸಸ್ಪೆನ್ಷನ್‌ನ ಕುಲುಕಾಟದ ಬಗ್ಗೆ ಹಿಂದಿನ ಸೀಟಿಂದ ಅಮ್ಮ ಏನಂತಾರೆ ಕೇಳಿ, ಆಮೇಲೆ ಬುಕ್ ಮಾಡಿ.